ಮೆನೆಸಿಂಗ್ ಎಂದರೆ ಜೋರು

ನಾನು ಲಾಂಡ್ರಿಯ ಆಫೀಸಿಗೆ ಟೈಪಿಸ್ಟಾಗಿ ಸೇರಿದ ದಿನ ಬಾಯ್ಲರಣ್ಣನನ್ನು ಕಂಡು ಹೆದರಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು. ಬಾಗಿಲು ತುಂಬುವಂಥ ಆಳು. ಬಲಗಣ್ಣಿನ ಕೆಳಗಿನಿಂದ ತುಟಿಯ ತನಕ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ಆ ಸುಕ್ಕು ಮೇಲ್ದುಟಿಯನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದಿದ್ದರಿಂದ ಅವರು ಸುಮ್ಮನೆ ನಿಂತಿದ್ದರೂ ಹಲ್ಲು ಕಡಿಯುತ್ತಿರುವಂತೆ ಕಾಣುತ್ತಿತ್ತು. ಸಾಲದ್ದಕ್ಕೆ, ಯಾರಾದರೂ ಮಾತಾಡಿದರೆ ತೀರ ಹತ್ತಿರ ಬಂದು, ಬಗ್ಗಿ, ಅವರ ಬಾಯನ್ನೇ ದಿಟ್ಟಿಸುತ್ತಿದ್ದರು. ನಾನು ನನ್ನ ಹೆಸರು ಹೇಳಿದಾಗಲೂ ಹಾಗೇ ದಿಟ್ಟಿಸಿದರು. ಹೆಸರನ್ನು ನುಂಗಿಕೊಂಡು ಕುರ್ಚಿಗೆ ಅಂಟಿ ಕುಳಿತೆ.

ಮೂರನೆಯ ದಿನ ಊಟದ ಹೊತ್ತಿಗೆ ಇಸ್ತ್ರಿ ಕೋಣೆಯ ಹೆಂಗಸೊಬ್ಬಳು ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡಳು. "ತಣ್ಣಗಿರೋದನ್ನ ಯಾಕೆ ತಿಂತೀಯಾ? ಬಾಯ್ಲರಣ್ಣನ ಹತ್ರ ಇಡೋದಲ್ವಾ," ಎಂದಳು. ಅವಳ ಹಿಂದೆ ಹೋಗಿ ನೋಡಿದೆ. ಬಾಯ್ಲರಿಗೆ ಬಿಸಿನೀರು ಹಾಯಿಸುವ ತೊಟ್ಟಿಯ ಕಬ್ಬಿಣದ ಮುಚ್ಚಳದ ಮೇಲೆ ಮೂವತ್ತಕ್ಕೂ ಹೆಚ್ಚು ಡಬ್ಬಿಗಳು ಸಾಲಾಗಿ ಕೂತಿದ್ದವು. ಯಾರ ಡಬ್ಬಿ ಯಾವುದು, ಯಾರದು ಬೇಗ ಬಿಸಿಯಾಗುತ್ತದೆ, ಯಾರದನ್ನು ಮೂಲೆಗೆ ಸರಿಸಬೇಕು ಎಂಬುದೆಲ್ಲ ಬಾಯ್ಲರಣ್ಣನಿಗೆ ಬಾಯಿಪಾಠ. ನನ್ನದನ್ನು ಅಂಗೈಯಲ್ಲಿಟ್ಟು ತೂಗಿ, "ತಂಗೀ, ಇದರ ಮುಚ್ಚಳ ಸಡಿಲ ಇದೆ. ನಾಳೆ ತಾ, ತಟ್ಟಿ ಸರಿ ಮಾಡ್ಕೊಡ್ತೀನಿ," ಎಂದರು. ಮರುದಿನ ಸರಿ ಮಾಡಿಕೊಟ್ಟರು. ಅಲ್ಲಿಗೆ ನನ್ನ ಹೆದರಿಕೆ ಹೋಯಿತು.

ನಮ್ಮದು ದೊಡ್ಡ ಲಾಂಡ್ರಿ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆ ಲಾರಿಗಟ್ಟಲೆ ಬಂದು, ಒಗೆದು, ಹಿಂಡಿ, ಬಿಸಿ ರೋಲರುಗಳ ನಡುವೆ ಹಾಯ್ದು, ಮಡಿಕೆಯಾಗಿ ಹಿಂದಕ್ಕೆ ಹೋಗುತ್ತಿತ್ತು. ಅಷ್ಟಕ್ಕೂ ಹಬೆಯೇ ಉಸಿರು. ಆ ಹಬೆ ಎಬ್ಬಿಸುವ ಬಾಯ್ಲರಿನ ಪಕ್ಕದಲ್ಲಿ ಬಾಯ್ಲರಣ್ಣ ಇಪ್ಪತ್ತಾರು ವರ್ಷ ನಿಂತಿದ್ದರು. ಆ ಸದ್ದಿಗೆ ಎರಡೂ ಕಿವಿ ಮುಕ್ಕಾಲು ಪಾಲು ಹೋಗಿದ್ದವು. ಅದಕ್ಕೇ ಹತ್ತಿರ ಬರುವುದು, ಅದಕ್ಕೇ ಬಾಯಿ ನೋಡುವುದು. ಕಿವುಡನ ಮುಂದೆ ಶಂಖ ಊದುವವರಿಗೂ ಕೆಲಸ ಸಿಗಬೇಕಲ್ಲ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ಕೆನ್ನೆಯ ಗಾಯದ ಕತೆಯನ್ನು ಮಾತ್ರ ಅವರು ಹೇಳುತ್ತಿರಲಿಲ್ಲ. ಇಸ್ತ್ರಿ ಕೋಣೆಯವರೇ ಹೇಳಿದರು. ಹಳೆಯ ಮಾಲೀಕರ ಕಾಲದಲ್ಲಿ ಒಮ್ಮೆ ಹಬೆ ಪೈಪಿನ ಕೀಲು ಬಿಟ್ಟುಕೊಂಡಿತಂತೆ. ಎಲ್ಲರೂ ಓಡಿದರಂತೆ. ಇವರು ಆ ಹಬೆಯೊಳಕ್ಕೇ ನುಗ್ಗಿ ದೊಡ್ಡ ತಿರುಗಣಿಯನ್ನು ಮುಚ್ಚಿ, ಆಮೇಲೆ ಬಿದ್ದರಂತೆ.

ಇಸ್ತ್ರಿ ಕೋಣೆಯವರು ಅವರ ಬಗ್ಗೆ ಬಹುವಚನದಲ್ಲೇ ಮಾತಾಡುತ್ತಿದ್ದರು. ಆಫೀಸಿನಲ್ಲಿ ನಾವು ಎದುರಿಗೆ 'ನೀವು' ಎಂದು, ಬೆನ್ನ ಹಿಂದೆ 'ಅವನು' ಎನ್ನುತ್ತಿದ್ದೆವು. ನಾನೂ ಹಾಗೇ ಅನ್ನುತ್ತಿದ್ದೆ. ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತಿದೆ. ಬಂದು ಏನು ಪ್ರಯೋಜನ.

ನಾನು ಸೇರಿ ನಾಲ್ಕು ವರ್ಷವಾದಾಗ ಲಾಂಡ್ರಿ ಕೈ ಬದಲಾಗಿ ಹೊಸ ಮ್ಯಾನೇಜರು ಬಂದರು. ಮೂವತ್ತೆರಡು ಮೂವತ್ಮೂರು ವಯಸ್ಸು, ಒಳ್ಳೆಯ ಬಟ್ಟೆ, ಮೆಲ್ಲಗಿನ ಮಾತು. ಯಾರಿಗೂ ಗದರಿದವರಲ್ಲ. "ನಿಮ್ಮ ಕೆಲಸ ನಿಮಗೆ ಬೇಕಲ್ವಾ?" ಎಂದು ನಗುತ್ತಲೇ ಕೇಳುತ್ತಿದ್ದರು. ಒಗೆಯುವ ವಿಭಾಗದಲ್ಲಿ ಇಬ್ಬರಿಗೆ ಹಾಗೆ ಕೇಳಿದ ವಾರದೊಳಗೆ ಅವರ ಜಾಗ ಖಾಲಿಯಾಯಿತು. ಅದಾದ ಮೇಲೆ ಆ ನಗು ಕಂಡರೆ ಎಲ್ಲರ ಬಾಯೂ ಒಣಗುತ್ತಿತ್ತು. ಆಫೀಸಿನಲ್ಲಿ ಮಾತ್ರ ಅವರನ್ನು ಶಿಸ್ತಿನ ಮನುಷ್ಯ ಎನ್ನುತ್ತಿದ್ದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವರ್ಷ ವರ್ಷವೂ ಕಾಗದ ಹೊಸದಾಗಬೇಕಿತ್ತು.

ಒಂದು ಸೋಮವಾರ ಬೆಳಿಗ್ಗೆ ಬಾಯ್ಲರಣ್ಣ ಮ್ಯಾನೇಜರ ಕೋಣೆಗೆ ಬಂದರು. ನನ್ನ ಮೇಜು ಇದ್ದದ್ದು ಆ ಕೋಣೆಯ ಅರ್ಧ ಗಾಜಿನ ಗೋಡೆಯ ಈಚೆ. ಕಂಡದ್ದೂ ಕೇಳಿದ್ದೂ ಎಲ್ಲ ನನಗೆ ಚೆನ್ನಾಗಿ ನೆನಪಿದೆ.

"ಸಾರ್, ಹಬೆ ಹೆಚ್ಚಾದ್ರೆ ಹೊರಗೆ ಬಿಡೋ ಸೇಫ್ಟಿ ವಾಲ್ವ್ ಅಂಟ್ಕೊಂಡಿದೆ. ಪ್ರತಿ ಸೋಮವಾರ ಎತ್ತಿ ನೋಡ್ತೀನಿ. ಹೋದ ವಾರ ತಡವಾಗಿ ಎದ್ದಿತು, ಇವತ್ತು ಏಳಲೇ ಇಲ್ಲ. ಎರಡು ದಿನ ಬಾಯ್ಲರ್ ನಿಲ್ಲಿಸಿ ಹೊಸದು ಹಾಕ್ಬೇಕು."

"ಎರಡು ದಿನ ಆಗೋದಿಲ್ಲ. ಹೊಸ ಆಸ್ಪತ್ರೆ ಕೆಲಸ ಗುರುವಾರ ಶುರು. ಮುಂದಿನ ತಿಂಗಳು ನೋಡೋಣ," ಎಂದರು ಮ್ಯಾನೇಜರು, ಕಾಗದದಿಂದ ತಲೆ ಎತ್ತದೆ.

ತಲೆ ಎತ್ತದೆ ಹೇಳಿದರೆ ಬಾಯ್ಲರಣ್ಣನಿಗೆ ಬಾಯಿ ಕಾಣುವುದು ಹೇಗೆ? ಅವರು ಮೇಜನ್ನು ಸುತ್ತಿ ಪಕ್ಕಕ್ಕೆ ಬಂದು, ಬಗ್ಗಿ, ಮುಖವನ್ನು ಮುಖದ ಹತ್ತಿರ ತಂದರು. ಮ್ಯಾನೇಜರು ತಲೆ ಎತ್ತಿದಾಗ ಒಂದು ಗೇಣು ದೂರದಲ್ಲಿ ಆ ಕೆನ್ನೆ, ಆ ಹಲ್ಲು. ಮುಂದಿನ ತಿಂಗಳು ಎಂದೆನಲ್ಲ ಎಂದರು. ಬಾಯ್ಲರಣ್ಣನ ದನಿಯೂ ದೊಡ್ಡದು. ತಮ್ಮ ದನಿ ತಮಗೆ ಕೇಳಿಸದವರ ದನಿ ಎಲ್ಲರದೂ ಹಾಗೇ ಇರುತ್ತದೆ.

"ಮುಂದಿನ ತಿಂಗಳ ತನಕ ಇದು ಕಾಯಲ್ಲ ಸಾರ್. ಇದು ಹೊಡೆದ್ರೆ ಇಲ್ಲಿ ಒಬ್ಬರೂ ಉಳಿಯಲ್ಲ. ನೀವೂ ಉಳಿಯಲ್ಲ."

ಮ್ಯಾನೇಜರು ಬೆವರಿದ್ದನ್ನು ಕಂಡೆ. "ಆಯ್ತು, ಹೋಗಿ," ಎಂದರು. ಬಾಯ್ಲರಣ್ಣ ಕೈ ಮುಗಿದು ಹೋದರು. ಆಯ್ತು ಎಂದರಲ್ಲ, ಕೆಲಸ ಆಯಿತು ಎಂದುಕೊಂಡರು.

ಹತ್ತು ನಿಮಿಷ ಬಿಟ್ಟು ಮ್ಯಾನೇಜರು ನನ್ನನ್ನು ಒಳಗೆ ಕರೆದರು. "ಬರ್ಕೊಳ್ಳಿ," ಎಂದರು. ದಿನಾಂಕ, ಹೊತ್ತು, ಜಾಗ ಬರೆದುಕೊಂಡೆ. ಆಮೇಲೆ ಅವರಿಗೆ ಮಾತು ಸಿಗಲಿಲ್ಲ.

"ಅವನು ನಿಂತಿದ್ದ ರೀತಿ ನೋಡಿದ್ರಲ್ಲ. ಅದಕ್ಕೊಂದು ಪದ ಬೇಕು."

"ಅಗ್ರೆಸಿವ್?" ಎಂದೆ.

"ಅಗ್ರೆಸಿವ್ ಅಂದ್ರೆ ಏನು ಮಾಡಿದ ಅಂತ ಕೇಳ್ತಾರೆ. ಕೈ ಎತ್ತಿದ್ನಾ? ಎತ್ತಲಿಲ್ಲ."

"ಥ್ರೆಟನಿಂಗ್ ಅಂತ ಹಾಕಲಾ ಸರ್?"

"ಏನಂತ ಬೆದರಿಸಿದ ಅಂತ ಕೇಳ್ತಾರೆ. ಆಗ ವಾಲ್ವು ಗೀಲ್ವು ಎಲ್ಲ ಎಳೆದು ತರ್ತಾನೆ. ನಂಗೆ ಬೇಕಾಗಿರೋದು ಆ ನಿಲುವು, ಆ ಮುಖ. ಏನೂ ಮಾಡ್ದೇ ಇದ್ರೂ ಎದೆ ನಡುಗೋ ಥರ ಇತ್ತು ಅನ್ನೋದು ಬರಬೇಕು."

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನನಗೆ ಇಂಗ್ಲಿಷ್ ಪದಗಳ ಹುಚ್ಚಿತ್ತು. ಮೊದಲ ಸಂಬಳದಲ್ಲಿ ಕೊಂಡದ್ದು ಒಂದು ನಿಘಂಟು. ಅದಕ್ಕೆ ಕಂದು ಕಾಗದದ ರಟ್ಟು ಹಾಕಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ. ದಿನಕ್ಕೆ ಐದು ಪದ ನೋಟ್‌ಬುಕ್ಕಿಗೆ ಬರೆದು ಬಸ್ಸಿನಲ್ಲಿ ಉರು ಹೊಡೆಯುತ್ತಿದ್ದೆ. ಕಲಿತ ಪದವನ್ನು ಎಲ್ಲಾದರೂ ಬಳಸುವ ತನಕ ನನಗೆ ಸಮಾಧಾನ ಇರುತ್ತಿರಲಿಲ್ಲ. ಹಿಂದಿನ ತಿಂಗಳಷ್ಟೇ ಒಂದು ಪದ ಕಲಿತಿದ್ದೆ. ಹೊರಗೆ ಹೋಗಿ ನಿಘಂಟು ತೆಗೆದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡೆ. ಕೇಡಾಗಬಹುದೆಂಬ ಭಯ ಹುಟ್ಟಿಸುವಂಥದ್ದು ಎಂದು ಅರ್ಥ ಕೊಟ್ಟಿದ್ದರು. ಕೆಳಗೆ ಉದಾಹರಣೆಗೆ ಒಂದು ಕಪ್ಪು ಮೋಡ ಇತ್ತು. ಮೋಡ ಯಾರಿಗೆ ಏನು ಮಾಡಿರುತ್ತದೆ? ಆದರೂ ಅದಕ್ಕೆ ಈ ಪದ ಸಲ್ಲುತ್ತದೆ. ಎದುರಿಗಿದ್ದವನು ಏನು ಮಾಡಿದ ಎಂದು ಈ ಪದ ಹೇಳುವುದಿಲ್ಲ, ನೋಡಿದವನಿಗೆ ಏನನ್ನಿಸಿತು ಎಂದಷ್ಟೇ ಹೇಳುತ್ತದೆ. ತಪ್ಪು ಮಾತ್ರ ಎದುರಿಗಿದ್ದವನ ತಲೆಗೆ.

ಇಷ್ಟೆಲ್ಲ ನನಗೆ ಆಗ ಹೊಳೆದಿರಲಿಲ್ಲ. ಒಳಗೆ ಹೋಗಿ "ಮೆನೆಸಿಂಗ್," ಎಂದೆ.

ಮ್ಯಾನೇಜರು ಆ ಪದವನ್ನು ಎರಡು ಸಲ ಬಾಯಲ್ಲಿ ಆಡಿಸಿದರು. "ಪರ್ಫೆಕ್ಟ್. ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ."

ನನಗೆ ಖುಷಿಯಾಯಿತು. ಹಾಳಾಗಿ ಹೋಗಲಿ, ಖುಷಿಯಾಯಿತು.

"ಸರ್, ವಾಲ್ವಿನ ವಿಷಯ ಬರೀಬೇಕಾ?" ಎಂದು ಕೇಳಿದೆ.

"ಅದು ಟೆಕ್ನಿಕಲ್. ಇದು ನಡತೆ. ಎರಡನ್ನೂ ಬೆರೆಸಬೇಡಿ. 'ನೀವೂ ಉಳಿಯಲ್ಲ' ಅಂದನಲ್ಲ, ಅದನ್ನ ಮಾತ್ರ ಹಾಕಿ."

ಹಾಕಿದೆ. ಬಾಯ್ಲರಣ್ಣ ಕೊಟ್ಟದ್ದು ಎಚ್ಚರಿಕೆ. ಕಾಗದದ ಮೇಲೆ ಅದರ ತಲೆ ಹಾರಿಸಿ, ಬಾಲ ಉಳಿಸಿ, ಬೆದರಿಕೆ ಮಾಡಿದ್ದು ನನ್ನ ಹತ್ತು ಬೆರಳು. ಮೂರು ಕಾರ್ಬನ್ ಪ್ರತಿ.

ಆ ಕಾಗದ ಬಾಯ್ಲರಣ್ಣನ ಕೈಗೆ ಬುಧವಾರ ಸಿಕ್ಕಿತು. ಅವರಿಗೆ ನಮ್ಮ ಮಾತಿನ ಅಕ್ಷರ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ನನ್ನ ಬಿಸಿ ಡಬ್ಬಿಯನ್ನು ತಾವೇ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಡಬ್ಬಿಯ ಕೆಳಗೆ ಕಾಗದ ಮಡಚಿ ಇತ್ತು, ಕೈ ಸುಡದಿರಲೆಂದು.

"ತಂಗೀ, ಇದೇನೋ ಕೊಟ್ಟಿದಾರೆ. ನೀನು ಓದಿದವಳು, ಸ್ವಲ್ಪ ಹೇಳು."

ಹೇಳಿದೆ. ಇಂಥ ದಿನ, ಇಂಥ ಹೊತ್ತಿನಲ್ಲಿ ಮ್ಯಾನೇಜರ ಕೋಣೆಗೆ ಹೋಗಿದ್ದಿರಿ. ವಿಚಾರಣೆಗೆ ಹಾಜರಾಗಬೇಕು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಆ ಪದ ಬಂದಾಗ ನಾನು ಅದನ್ನು ಹಾರಿಸಿ ಮುಂದೆ ಹೋದೆ. ಅವರ ಬೆರಳು ಅಲ್ಲೇ ನಿಂತಿತು. ಯಾರೋ ಪೆನ್ಸಿಲಿನಿಂದ ಅದರ ಕೆಳಗೆ ಗೆರೆ ಎಳೆದಿದ್ದರು.

"ಇದು? ಇದರ ಕೆಳಗೇ ಗೆರೆ ಎಳ್ದಿದಾರಲ್ಲ?"

ಆ ಕ್ಷಣ ನಿಜ ಹೇಳಿದ್ದರೆ ಅವರು ಮುಂದಿನ ಪ್ರಶ್ನೆ ಕೇಳುತ್ತಿದ್ದರು: ಇಂಥ ಮಾತು ನನ್ನ ಮೇಲೆ ಬರೆದವರು ಯಾರು? ನನಗೆ ಬೇಕಾಗಿರಲಿಲ್ಲ ಆ ಪ್ರಶ್ನೆ. ಅವರ ಮನಸ್ಸು ನೋಯಿಸಬಾರದೆಂದು ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸುಳ್ಳು.

"ಮೆನೆಸಿಂಗ್ ಅಂತ. ಅಂದ್ರೆ... ಜೋರು. ಸ್ವಲ್ಪ ಜೋರಾಗಿ ನಡ್ಕೊಂಡ್ರಿ ಅಂತ."

ಬಾಯ್ಲರಣ್ಣ ನಿರಾಳವಾಗಿ ನಕ್ಕರು. "ಅಷ್ಟೇನಾ? ಜೋರು ಅಂತೂ ಹೌದು. ನನ್ನ ಹೆಂಡ್ತಿನೂ ದಿನಾ ಅದನ್ನೇ ಹೇಳ್ತಾಳೆ, ಪಕ್ಕದ್ಮನೆಗೆಲ್ಲ ಕೇಳ್ಸುತ್ತೆ ಅಂತ. ಒಂದು ಕ್ಷಮೆ ಕೇಳಿದ್ರಾಯ್ತು ಬಿಡು." ಕಾಗದ ಮಡಚಿ ಜೇಬಿಗಿಟ್ಟು, "ಊಟ ಮಾಡು, ಆರುತ್ತೆ," ಎಂದು ಹೋದರು.

ವಿಚಾರಣೆ ಮುಂದಿನ ವಾರ ನಡೆಯಿತು. ಹೊರಗಿನಿಂದ ಒಬ್ಬ ನಿವೃತ್ತ ಅಧಿಕಾರಿಯನ್ನು ಕರೆಸಿದ್ದರು. ಸಭ್ಯ ಮನುಷ್ಯ. ಕುರ್ಚಿ ಕೊಡಿಸಿ, ನೀರು ಕೊಡಿಸಿ, ಕಿವಿ ಮಂದ ಎಂದು ತಿಳಿದ ಮೇಲೆ ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಆಡಿದರು. ನಡೆದದ್ದನ್ನು ಬರೆದುಕೊಳ್ಳಲು ಮೇಜಿನ ಮೂಲೆಯಲ್ಲಿ ನಾನಿದ್ದೆ. ಬಾಯ್ಲರಣ್ಣ ಒಗೆದ ಅಂಗಿ ಹಾಕಿ, ತಲೆ ಬಾಚಿ ಬಂದಿದ್ದರು. ನನ್ನನ್ನು ಕಂಡು ನಮ್ಮವಳೇ ಇದ್ದಾಳಲ್ಲ ಎಂಬಂತೆ ತಲೆಯಾಡಿಸಿದರು.

"ನೀವು ಮೆನೆಸಿಂಗ್ ಆಗಿ ನಡ್ಕೊಂಡ್ರಿ ಅಂತ ಆರೋಪ ಇದೆ. ಆ ಪದದ ಅರ್ಥ ಗೊತ್ತಿದೆಯಾ ನಿಮಗೆ?" ಎಂದು ಅಧಿಕಾರಿ ಕೇಳಿದರು. ಕೇಳಬೇಕಾದ್ದನ್ನು ಕೇಳಿದರು, ಅವರನ್ನು ದೂರುವಂತಿಲ್ಲ.

"ಗೊತ್ತು ಸಾರ್. ಕೇಳಿ ತಿಳ್ಕೊಂಡಿದೀನಿ."

"ಹಾಗೆ ನಡ್ಕೊಂಡಿದ್ದು ನಿಜಾನಾ?"

"ನಿಜ ಸಾರ್. ಸುಳ್ಳು ಯಾಕೆ ಹೇಳ್ಲಿ. ಅದು ನನ್ನಲ್ಲಿ ಮೊದಲಿಂದ್ಲೂ ಇದೆ. ಬಾಯ್ಲರ್ ಹತ್ರ ಇದ್ದೂ ಇದ್ದೂ ಅಭ್ಯಾಸ ಆಗ್ಬಿಟ್ಟಿದೆ. ಮನೇಲೂ ಹಾಗೇ ಇರ್ತೀನಿ. ಸಾಹೇಬ್ರು ತಪ್ಪು ತಿಳೀಬಾರ್ದು, ಕ್ಷಮಿಸಬೇಕು."

ಅಧಿಕಾರಿ ಕನ್ನಡಕ ತೆಗೆದು ಅವರನ್ನೇ ನೋಡಿದರು. ಮ್ಯಾನೇಜರು ಕಿಟಕಿಯ ಕಡೆ ನೋಡಿದರು.

"'ನೀವೂ ಉಳಿಯಲ್ಲ' ಅಂತ ಹೇಳಿದ್ರಾ?"

"ಹೇಳಿದೆ ಸಾರ್. ಈಗ್ಲೂ ಹೇಳ್ತೀನಿ. ಆ ವಾಲ್ವು ಇನ್ನೂ ಹಾಗೇ ಇದೆ."

"ವಾಲ್ವಿನ ವಿಷಯ ಈ ವಿಚಾರಣೇಲಿ ಬರಲ್ಲ," ಎಂದರು ಅಧಿಕಾರಿ. ನನ್ನ ಕಡೆ ತಿರುಗಿ, "ಬರ್ಕೊಳ್ಳಮ್ಮ. ಆರೋಪದ ಅರ್ಥ ತಿಳಿದು, ಸ್ವಂತ ಇಚ್ಛೆಯಿಂದ ಒಪ್ಪಿಕೊಂಡಿದ್ದಾರೆ," ಎಂದರು.

ನನ್ನ ಪೆನ್ನು ನಿಂತಿತು. ಎಲ್ಲರೂ ಕಾದರು. ಬಾಯ್ಲರಣ್ಣನಿಗೆ ಅನುಮಾನ ಬರಲಿಲ್ಲ. ಪೆನ್ನಿನಲ್ಲಿ ಶಾಯಿ ಮುಗಿದಿರಬೇಕೆಂದುಕೊಂಡು ತಮ್ಮ ಜೇಬಿನಿಂದ ಪೆನ್ನು ತೆಗೆದು ನನ್ನ ಕಡೆ ಚಾಚಿದರು. ಬೇಡ ಎಂದು ತಲೆಯಾಡಿಸಿ ಬರೆದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಾನು ಕೆಡಿಸಿದ ಮನೆಯ ಯಜಮಾನರು ಎದುರಿಗೆ ಕೂತು ಪೆನ್ನು ಕೊಡಲು ಬಂದಿದ್ದರು.

ಕೆಲಸದಿಂದ ತೆಗೆದ ಕಾಗದವನ್ನೂ ನಾನೇ ಟೈಪು ಮಾಡಿದೆ. ಆ ಪದ ಅದರಲ್ಲೂ ಇತ್ತು. ಬಾಯ್ಲರಣ್ಣ ಅದನ್ನು ಹಿಡಿದುಕೊಂಡು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದರು. "ಜೋರು ಮಾತಿಗೆ ಕೆಲಸ ಹೋಗುತ್ತಾ?" ಎಂದು ಇಸ್ತ್ರಿ ಕೋಣೆಯವರನ್ನು ಕೇಳಿದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅಣ್ಣ, ಎಂದರಂತೆ ಅವರು. ಅದರಾಚೆ ಯಾರೂ ಏನೂ ಮಾಡಲಿಲ್ಲ. ಮಾಡುವಂಥ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮರುದಿನದಿಂದ ತೊಟ್ಟಿಯ ಮೇಲೆ ಡಬ್ಬಿ ಇಡಬಾರದೆಂದು ಬೋರ್ಡು ಬಂತು.

ಆರು ವಾರದ ಮೇಲೆ ಬಾಯ್ಲರ್ ಇನ್ಸ್‌ಪೆಕ್ಟರು ಬಂದರು. ವಾಲ್ವನ್ನು ಮುಟ್ಟಿದ ಕೂಡಲೆ ಬೆಂಕಿ ಆರಿಸಿ ಎಂದರು. ಎರಡು ದಿನ ಲಾಂಡ್ರಿ ನಿಂತಿತು, ಹೊಸ ವಾಲ್ವು ಬಂತು, ಆಕಾಶವೇನೂ ಕಳಚಿ ಬೀಳಲಿಲ್ಲ. ದೊಡ್ಡ ಅನಾಹುತ ತಪ್ಪಿತು, ಸಕಾಲದಲ್ಲಿ ಕ್ರಮ ತೆಗೆದುಕೊಂಡಿರಿ ಎಂದು ಮಾಲೀಕರಿಂದ ಮ್ಯಾನೇಜರಿಗೆ ಮೆಚ್ಚುಗೆಯ ಪತ್ರ ಬಂತು. ಅದಕ್ಕೆ ಉತ್ತರ ಬರೆಯಲೂ ಒಂದು ಒಳ್ಳೆಯ ಪದ ಬೇಕಾಗಿತ್ತು. ಅದನ್ನೂ ಹುಡುಕಿಕೊಟ್ಟೆ. ಆ ವರ್ಷ ನನ್ನ ಕೆಲಸ ಖಾಯಂ ಆಯಿತು.

ಬಾಯ್ಲರಣ್ಣನ ಹತ್ತಿರ ಬಾಯ್ಲರ್ ನಡೆಸುವ ಮೊದಲ ದರ್ಜೆಯ ಸರ್ಟಿಫಿಕೇಟು ಇತ್ತು. ಬೇರೆ ಕಾರ್ಖಾನೆಗಳಲ್ಲಿ ಕೆಲಸ ಸಿಗಬೇಕಿತ್ತು. ಆದರೆ ಹೋದಲ್ಲೆಲ್ಲ ಹಿಂದಿನ ಕೆಲಸದ ಕಾಗದ ತೋರಿಸಿ ಎನ್ನುತ್ತಿದ್ದರು. ಇವರು ತೋರಿಸುತ್ತಿದ್ದರು. ಓದುವವರು ಒಮ್ಮೆ ಕಾಗದ ನೋಡಿ, ಒಮ್ಮೆ ಮುಖ ನೋಡಿ, ಆಮೇಲೆ ಹೇಳಿ ಕಳಿಸುತ್ತೇವೆ ಎನ್ನುತ್ತಿದ್ದರು. ಮುಖಕ್ಕೂ ಪದಕ್ಕೂ ಅಷ್ಟು ಚೆನ್ನಾಗಿ ಹೊಂದಿಕೆಯಾಗುತ್ತಿತ್ತು.

ಇದೆಲ್ಲ ನನಗೆ ತಿಳಿದದ್ದು ಅವರ ಮಗಳಿಂದ. ಒಂದು ಮಧ್ಯಾಹ್ನ ಕಾಲೇಜಿನ ಚೀಲ ಹೆಗಲಿಗೇರಿಸಿದ ಹುಡುಗಿ ಆಫೀಸಿಗೆ ಬಂದು ನನ್ನ ಮೇಜಿನ ಎದುರು ನಿಂತಳು. ಕೈಯಲ್ಲಿ ಆ ಹಳೆಯ ಕಾಗದ, ಮಡಿಕೆಯಲ್ಲಿ ಹರಿದು ಅಂಟು ಹಾಕಿದ್ದು.

"ಅಕ್ಕಾ, ಈ ಪದಕ್ಕೆ ಅರ್ಥ ಏನು?"

ನಾನು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು. "ನಮ್ಮಪ್ಪ ಜೋರು ಅಂತಾರೆ. ಲಾಂಡ್ರಿ ಟೈಪಿಸ್ಟ್ ತಂಗಿ ಹೇಳಿದ್ದು, ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತಾರೆ. ನಾನು ಕಾಲೇಜ್ ಲೈಬ್ರರೀಲಿ ಮೂರು ನಿಘಂಟು ನೋಡ್ದೆ. ಯಾವುದ್ರಲ್ಲೂ ಜೋರು ಅಂತ ಇಲ್ಲ."

"ಇಲ್ಲ," ಎಂದೆ.

"ಮತ್ತೆ ಯಾಕೆ ಹಾಗೆ ಹೇಳಿದ್ರಿ? ಜೋರು ಅಂದ್ಕೊಂಡೇ ಅವರು ಒಪ್ಪಿದ್ದು. ನಿಜವಾದ ಅರ್ಥ ಗೊತ್ತಿದ್ರೆ ಸತ್ರೂ ಒಪ್ತಿರ್ಲಿಲ್ಲ."

ನಾನು ಉಳಿದದ್ದನ್ನೂ ಹೇಳಿದೆ. ಪದ ಹುಡುಕಿದ್ದು, ಮ್ಯಾನೇಜರು ಹೊಗಳಿದ್ದು, ನನಗೆ ಖುಷಿಯಾದದ್ದು. ಹುಡುಗಿ ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಮೇಜನ್ನು, ಟೈಪ್‌ರೈಟರನ್ನು, ಕಂದು ರಟ್ಟಿನ ನಿಘಂಟನ್ನು ಒಂದೊಂದಾಗಿ ನೋಡಿದಳು. "ಅಪ್ಪನಿಗೆ ಕೆಲಸ ಸಿಕ್ಕಿದೆ," ಎಂದು ಒಂದು ದೊಡ್ಡ ಕಟ್ಟಡದ ಗುರುತು ಹೇಳಿದಳು. "ಗೇಟಲ್ಲಿ," ಎಂದಳು. ಹೋದಳು.

ಆ ರಾತ್ರಿಯಿಡೀ ಕೂತು ಏನೂ ಮಾಡಲಿಲ್ಲ. ಮಾಡಿದ್ದು ಭಾನುವಾರ ಬೆಳಿಗ್ಗೆ. ಕಾರ್ಮಿಕ ಇಲಾಖೆಗೆ ಎರಡು ಪುಟದ ಪತ್ರ ಬರೆದೆ. ವಾಲ್ವಿನ ಮಾತು ಪೂರ್ತಿ ಬರೆದೆ, ಅರ್ಥ ತಪ್ಪು ಹೇಳಿದವಳು ನಾನು ಎಂದೂ ಬರೆದೆ. ಕೆಳಗೆ ಅವರ ಸಹಿಗೆ ಜಾಗ ಬಿಟ್ಟೆ. ಕೆಲಸ ಹೋದರೆ ಹೋಗಲಿ ಎಂದು ಅಂದುಕೊಂಡದ್ದು ನಿಜ. ಅಷ್ಟು ಹೊತ್ತಿಗೆ ನನ್ನ ಬಳಿ ಬೇರೆ ಕಡೆಯಿಂದ ಕರೆ ಬಂದ ಕಾಗದವೂ ಇತ್ತು ಎಂಬುದೂ ನಿಜ.

ಮಂಗಳವಾರ ರಜೆ ಹಾಕಿ ಹೋದೆ. ಕನ್ನಡಿ ಗೋಡೆಯ ಎತ್ತರದ ಕಟ್ಟಡ. ಗೇಟಿನಲ್ಲಿ ಬಾಯ್ಲರಣ್ಣ ನಿಂತಿದ್ದರು. ನೀಲಿ ಸಮವಸ್ತ್ರ ಎದೆಯ ಹತ್ತಿರ ಬಿಗಿಯಾಗಿ ಗುಂಡಿಗಳು ಎಳೆದಿದ್ದವು, ತಲೆಗೆ ಟೊಪ್ಪಿ, ಕೈಯಲ್ಲಿ ಲಾಠಿ. ನನ್ನನ್ನು ಕಂಡು ಅವರ ಮುಖದಲ್ಲಿ ಏನಾಯಿತು ಎಂದು ಹೇಳಲಾರೆ. ಆ ಮುಖ ಓದುವುದು ಸುಲಭವಲ್ಲ. ಹತ್ತಿರ ಹೋಗಿ, ಬಾಯಿ ಕಾಣುವಂತೆ ನಿಂತು, ನಿಧಾನವಾಗಿ ಮಾತಾಡಿದೆ.

"ಅಣ್ಣಾ, ಆ ಪದ ಹಾಕಿದ್ದು ನಾನು. ಅರ್ಥ ತಪ್ಪು ಹೇಳಿದ್ದೂ ನಾನೇ."

"ಗೊತ್ತು. ಮಗಳು ಹೇಳಿದ್ಲು."

ಪತ್ರ ತೆಗೆದು ಚಾಚಿದೆ. "ಇದಕ್ಕೊಂದು ಸಹಿ ಹಾಕಿ. ಎಲ್ಲ ನಿಜ ಬರೆದಿದೀನಿ. ಆ ಪದ ತೆಗೆಸಬಹುದು."

ಅವರು ಕಾಗದ ಮುಟ್ಟಲಿಲ್ಲ. "ಈ ಕೆಲಸ ನಂಗೆ ಹೇಗೆ ಸಿಕ್ತು ಗೊತ್ತಾ? ಹದಿನಾಲ್ಕು ಕಡೆ ಆ ಕಾಗದ ನೋಡಿ ಹೊರಗೆ ಕಳಿಸಿದ್ರು. ಇಲ್ಲಿ ಸೆಕ್ಯುರಿಟಿ ಏಜೆನ್ಸಿಯವರು ಓದಿದ್ರು, ನನ್ನ ಮುಖ ನೋಡಿದ್ರು, ನಕ್ರು. ನಮಗೆ ಇಂಥವನೇ ಬೇಕು ಅಂದ್ರು. ಅವತ್ತೇ ಟೊಪ್ಪಿ ಕೊಟ್ರು. ಈಗ ನೀನು ಬಂದು ಇವನು ಅಂಥವನಲ್ಲ, ಪಾಪದವನು ಅಂತ ಬರ್ಕೊಟ್ರೆ ನಾನೆಲ್ಲಿಗೆ ಹೋಗ್ಲಿ?"

"ಲಾಂಡ್ರಿ ಕೆಲಸ ವಾಪಸ್ ಸಿಗಬಹುದು, ಅಣ್ಣ."

"ಸಿಗಬಹುದು," ಎಂದರು ಅವರು. ಅದೇ ಮಾತನ್ನು ಅದೇ ದನಿಯಲ್ಲಿ ಹಿಂದಕ್ಕೆ ಕೊಟ್ಟರು, ಅಷ್ಟೆ. "ವಯಸ್ಸು ಐವತ್ನಾಲ್ಕು. ಕಿವಿ ಇಲ್ಲ."

ಒಳಗಡೆ ಗಾಜಿನ ಹಿಂದೆ ಯಾರೋ ಒಬ್ಬರು ಗಡಿಯಾರ ನೋಡುತ್ತ ನಮ್ಮನ್ನೂ ನೋಡುತ್ತಿದ್ದರು. ಬಾಯ್ಲರಣ್ಣ ಅದನ್ನು ಕಂಡರು. ಬೆನ್ನು ನೆಟ್ಟಗಾಯಿತು. ಗಲ್ಲ ಎತ್ತಿ, ತುಟಿಯ ಇನ್ನೊಂದು ಪಕ್ಕವನ್ನೂ ತಾವೇ ಎಳೆದುಕೊಂಡು, ನನ್ನ ತಲೆಯ ಮೇಲಿಂದ ನೋಡುತ್ತ ಹೇಳಿದರು:

"ಮೇಡಮ್, ಇಲ್ಲಿ ನಿಲ್ಲೋ ಹಾಗಿಲ್ಲ. ಹೊರಡಿ."

ಮೇಡಮ್ ಎಂದರು. ಹೊರಡು ಎನ್ನಲಿಲ್ಲ, ಹೊರಡಿ ಎಂದರು. ನಾನು ಕಾಗದ ಮಡಚಿಕೊಂಡು ಹೊರಟೆ. ಬೇರೆ ಕಡೆಯ ಆ ಕೆಲಸಕ್ಕೂ ಹೋಗಲಿಲ್ಲ. ಖಾಯಂ ಆದದ್ದನ್ನು ಬಿಡಲು ಮನಸ್ಸಾಗಲಿಲ್ಲ.

ಅದಾಗಿ ಏಳು ವರ್ಷ ಕಳೆಯಿತು. ಮ್ಯಾನೇಜರು ಇನ್ನೂ ದೊಡ್ಡ ಜಾಗಕ್ಕೆ ಹೋದರು. ಅವರ ಜಾಗಕ್ಕೆ ಬಂದವರು ಹಳೆಯದನ್ನೇನೂ ಬಲ್ಲವರಲ್ಲ. ಒಂದು ದಿನ ಬಾಯ್ಲರಣ್ಣನ ಹೆಂಡತಿ ಆಫೀಸಿಗೆ ಬಂದಳು. ಅದಕ್ಕೆ ಮುಂಚೆ ಅವಳನ್ನು ನಾನು ನೋಡಿರಲಿಲ್ಲ. ಸಣ್ಣ ಆಕೃತಿ, ಬಟ್ಟೆಯ ಚೀಲ, ಒಳಗೆ ಜೋಪಾನವಾಗಿ ಜೋಡಿಸಿದ ಕಾಗದ. ಕೆಲಸದಲ್ಲಿ ಕಿವಿ ಕಳೆದುಕೊಂಡವರಿಗೆ ಶ್ರವಣಯಂತ್ರ ಕೊಡುತ್ತಾರಂತೆ. ಎಷ್ಟು ವರ್ಷ ಬಾಯ್ಲರಿನ ಹತ್ತಿರ ಇದ್ದರು ಎಂದು ಲಾಂಡ್ರಿಯಿಂದ ಬರೆಸಿಕೊಂಡು ಬನ್ನಿ ಎಂದಿದ್ದರಂತೆ.

"ಅಣ್ಣ ಹೇಗಿದಾರೆ?" ಎಂದು ಕೇಳಿದೆ.

"ನೀನೇ ಅಲ್ವಾ ಆ ಟೈಪಿಸ್ಟು?"

ಹೌದು ಎಂದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಸಿಟ್ಟಿರಲಿಲ್ಲ. ಮಾರುಕಟ್ಟೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

"ಮೊದಮೊದ್ಲು ಮನೆಗೆ ಬಂದು ನಗೋರು. ಇವತ್ತು ಇಬ್ಬರು ಸಾಮಾನು ಮಾರೋ ಹುಡುಗ್ರನ್ನ ಗುರಾಯಿಸಿ ಓಡಿಸ್ದೆ, ಒಬ್ಬ ಡ್ರೈವರ್ ಹೆದರ್ಕೊಂಡ ಅಂತ. ನಾಟಕದವರ ಹಾಗೆ ಕನ್ನಡಿ ಮುಂದೆ ಮುಖ ಮಾಡಿ ತೋರ್ಸೋರು. ಆಮೇಲೆ ನಗೋದು ನಿಂತೋಯ್ತು. ಒಬ್ಬ ಮುದುಕನ್ನ ತಳ್ಳಿದ್ರಂತೆ, ಅವನು ಬಿದ್ದ. ಏಜೆನ್ಸಿಯವರು ಬೆನ್ನು ತಟ್ಟಿದ್ರು. ಈಗ ಮನೇಲೂ ಹಾಗೇ. ತಟ್ಟೆ ಸದ್ದಾದ್ರೆ ಎದ್ದು ಬರ್ತಾರೆ. ಮಗಳು ಮದುವೆ ಆದ್ಮೇಲೆ ಎರಡೇ ಸಲ ಬಂದಿದಾಳೆ. ಮಗೂನ ಕರ್ಕೊಂಡು ಬರಲ್ಲ."

ನಾನು ಟೈಪ್‌ರೈಟರಿಗೆ ಕಾಗದ ಸೇರಿಸಿದೆ.

"ಏನೋ ಒಂದು ಪದ ಇತ್ತಲ್ಲ, ಆ ಕಾಗದದಲ್ಲಿ," ಎಂದಳು ಅವಳು. "ನೀವೆಲ್ಲ ಬರ್ದಾಗ ಅದು ಸುಳ್ಳಾಗಿತ್ತು. ಈಗ ಬಂದು ನೋಡು. ನಿಜ ಆಗಿದೆ."

ಎರಡು ಸಾಲಿನ ಕಾಗದ ಅದು. ಇಂಥವರು ಇಪ್ಪತ್ತಾರು ವರ್ಷ ಈ ಸಂಸ್ಥೆಯ ಬಾಯ್ಲರ್ ನೋಡಿಕೊಂಡಿದ್ದರು, ಕೆಲಸದ ಸದ್ದಿನಿಂದ ಕಿವಿ ಮಂದವಾಗಿದೆ. ಬೇರೆ ಯಾವ ಪದವನ್ನೂ ಹುಡುಕಬೇಕಾಗಿರಲಿಲ್ಲ. ಹೊಸ ಮ್ಯಾನೇಜರು ಓದದೆ ಸಹಿ ಹಾಕಿದರು. ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು, ಓದಲು ಬಾರದ ಆ ಎರಡು ಸಾಲನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು.

"ಇದರಲ್ಲಿ ಏನು ಬರ್ದಿದೀಯಾ?"

ಹೇಳಿದೆ.

"ನಾನು ಬೇರೆಯವರ ಹತ್ರ ಓದಿಸಿ ನೋಡ್ತೀನಿ," ಎಂದು ಕಾಗದವನ್ನು ಚೀಲಕ್ಕೆ ಸೇರಿಸಿದಳು. ಬಾಗಿಲ ತನಕ ಹೋಗಿ ತಿರುಗಿದಳು. ನಮ್ಮಲ್ಲಿ ಹಗೆಯವರ ಮನೆಯಿಂದ ಏಳುವಾಗಲೂ ಬರ್ತೀನಿ ಎಂದೇ ಹೇಳುತ್ತೇವೆ. ಅವಳು ಹೋಗ್ತೀನಿ ಎಂದಳು.